ನಮ್ಮ ಹಜಾರದಲ್ಲಿ ಸಂವಿಧಾನ ಪಾರಾಯಣ

ಜಗಳ ಹುಟ್ಟಿದ್ದು ಪೋಸ್ಟ್‌ಮ್ಯಾನ್ ಎಂಬ ಒಂದು ಮಾತಿನಿಂದ.

ಚಾಮರಾಜಪೇಟೆಯ ನಮ್ಮ ಮನೆಯ ಹಜಾರದಲ್ಲಿ ಪ್ರತಿ ಗುರುವಾರ ಸಂಜೆ ಬೀದಿಯ ಹೆಂಗಸರೆಲ್ಲ ಭಜನೆಗೆ ಸೇರುತ್ತಾರೆ. ಮಂಡಳಿ ಕಟ್ಟಿದವರು ನಮ್ಮ ಅತ್ತೆ. ಈಗ ಎಪ್ಪತ್ತೊಂಬತ್ತು ವರ್ಷ. ಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಮನೆಗೆ ಹದಿನೆಂಟಕ್ಕೇ ಸೊಸೆಯಾಗಿ ಬಂದು, ಎಂಥೆಂಥ ಗಿರಾಕಿಗಳನ್ನು ಸಂಭಾಳಿಸಿದವರು. ನಾನು ಅವರ ಒಬ್ಬಳೇ ಸೊಸೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕಂಠ ಚೆನ್ನಾಗಿಲ್ಲದ್ದರಿಂದ ಮಂಡಳಿಯಲ್ಲಿ ನನ್ನ ಪಾಲಿಗೆ ಬಂದದ್ದು ತಾಳ ಹಾಕುವ ಮತ್ತು ಕಾಫಿ ಕೊಡುವ ಕೆಲಸ.

ಆ ಗುರುವಾರ ಭಜನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಒಳಗಿನ ಕೋಣೆಯಲ್ಲಿ ನನ್ನ ಯಜಮಾನರು ಜೋರಾಗಿ ಟಿವಿ ಹಾಕಿದ್ದರು. ಯಾವುದೋ ರಾಜ್ಯದ ರಾಜ್ಯಪಾಲರು ಅಲ್ಲಿನ ಸರ್ಕಾರದ ಮಸೂದೆಗೆ ಸಹಿ ಹಾಕದೆ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ. ನಮ್ಮ ಬೀದಿಯ ಮೂಲೆ ಮನೆಯ ಅಕ್ಕ ಅದನ್ನು ಕೇಳಿಸಿಕೊಂಡರು. ಅವರು ಮಂಡ್ಯ ಕಡೆಯ ಗೌಡರ ಮನೆಯವರು, ಗದ್ದೆ ಇನ್ನೂ ಇದೆ, ಗಂಡ ಸೈಟು-ಮನೆ ವ್ಯವಹಾರದಲ್ಲಿದ್ದಾರೆ, ಚುನಾವಣೆ ಬಂದರೆ ಮನೆ ತುಂಬ ಜನ. ಲೋಟ ಕೆಳಗಿಟ್ಟು ಅವರು ಹೇಳಿದರು:

"ರಾಜ್ಯಪಾಲರು ಅಂದ್ರೆ ಏನು ಮಹಾ? ಡೆಲ್ಲಿಯಿಂದ ಬಂದ ಪೋಸ್ಟ್‌ಮ್ಯಾನ್ ತಾನೆ?"

ಅವರ ಪಕ್ಕದಲ್ಲೇ ನಮ್ಮ ಎದುರು ಮನೆಯ ಅಕ್ಕ ಕೂತಿದ್ದರು. ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಇಡೀ ಬೀದಿಗೆ ಅವರು ಪೋಸ್ಟಾಫೀಸ್ ಅಕ್ಕ.

"ಪೋಸ್ಟ್‌ಮ್ಯಾನ್ ಅಂದ್ರೆ ಅಷ್ಟು ಸಸಾರಾನೇನ್ರೀ ನಿಮ್ಗೆ?" ಎಂದು ಅವರು ಎದ್ದೇ ನಿಂತರು. "ಪೋಸ್ಟ್‌ಮ್ಯಾನ್ ಯಾವತ್ತಾದ್ರೂ ಬಂದ ಕಾಗದಾನ ಬ್ಯಾಗಲ್ಲೇ ಇಟ್ಕೊಂಡು ಕೂತಿದ್ದು ನೋಡಿದೀರಾ? ಒಂದ್ ದಿನ! ಒಂದ್ ದಿನ ತಡ ಆದ್ರೆ ವಿವರಣೆ ಕೇಳ್ತಾರೆ!"

"ಅಯ್ಯೋ, ನಾನೂ ಅದನ್ನೇ ಹೇಳಿದ್ದು ಕಣ್ರೀ. ಸಹಿ ಹಾಕಿ ಕಳಿಸ್ಲಿ ಅಂತ."

"ನೀವು ಹೇಳಿದ್ದು ಅದಲ್ಲ. ನೀವು ಕೇಂದ್ರಾನೇ ಬೇಡ ಅಂತೀರಿ. ದೇಶ ಅಂದ್ಮೇಲೆ ಒಂದು ಹಿಡಿತ ಇರ್ಬೇಕು. ಸಂವಿಧಾನದಲ್ಲೇ ಹಾಗಿದೆ."

"ಸಂವಿಧಾನದಲ್ಲಿ ರಾಜ್ಯಕ್ಕೂ ಹಕ್ಕೈತೆ. ಸುಮ್ಕಿರಿ."

ಹೀಗೆ ಸಂವಿಧಾನ ಸಂವಿಧಾನ ಎನ್ನುತ್ತ ಅರ್ಧ ಮಂಡಳಿ ಆ ಕಡೆ, ಅರ್ಧ ಮಂಡಳಿ ಈ ಕಡೆ ಆಯಿತು. ಹಾರ್ಮೋನಿಯಂ ನಡುವೆ ಗಡಿಯ ಹಾಗೆ ಕೂತಿತ್ತು. ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದ ಅತ್ತೆ ಕಣ್ಣು ತೆರೆದರು.

"ನೋಡ್ರಮ್ಮ, ಇಷ್ಟು ಜನರಲ್ಲಿ ಆ ಪುಸ್ತಕ ಓದಿರೋರು ಯಾರು?"

ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಳಗಿನ ಕೋಣೆಯಲ್ಲಿ ಟಿವಿ ಸದ್ದೂ ಸಣ್ಣಗಾಯಿತು.

"ಶ್ರಾವಣದಲ್ಲಿ ಪುರಾಣ ಏಳು ದಿನ ಓದ್ತೀವಿ ತಾನೆ? ಇದನ್ನೂ ಏಳು ದಿನ ಓದೋಣ. ಮೊದಲಿಂದ ಕೊನೇವರ್ಗೂ. ಒಂದಕ್ಷರ ಬಿಡೋ ಹಾಗಿಲ್ಲ. ಆಮೇಲೆ ಜಗಳ ಆಡಿ, ನಾನೇ ಕೂರಿಸಿ ಆಡಿಸ್ತೀನಿ."

ಅತ್ತೆ ಹೇಳಿದ ಮೇಲೆ ಮುಗಿಯಿತು. ಮಾರನೆಯ ದಿನ ಕಾಲೇಜು ಬಿಟ್ಟವಳೇ ಅವೆನ್ಯೂ ರಸ್ತೆಗೆ ಹೋದೆ. ಕಾನೂನು ಪುಸ್ತಕಗಳ ಅಂಗಡಿಯವರು ನನ್ನ ನರೆಗೂದಲು ನೋಡಿ ಅನುಮಾನದಿಂದ ಕೇಳಿದರು, "ಈವ್ನಿಂಗ್ ಕಾಲೇಜಾ ಮೇಡಂ?"

"ಇಲ್ಲ, ಭಜನೆಗೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಅಟ್ಟದ ಮೇಲಿಂದ ಕನ್ನಡದ ಮೂರು ಪ್ರತಿ ಇಳಿಸಿ, ಧೂಳು ಕೊಡವಿ, ದೇವರ ಪುಸ್ತಕ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

ಕಷ್ಟವಾದದ್ದು ಭಾಗಗಳನ್ನು ಹಂಚುವಾಗ. ಎಲ್ಲರಿಗೂ ಮೂಲಭೂತ ಹಕ್ಕುಗಳೇ ಬೇಕು. "ಸಮಾನತೆ ನನಗಿಡಿ", "ವಾಕ್ ಸ್ವಾತಂತ್ರ್ಯ ನನಗೆ, ಮನೇಲಂತೂ ಇಲ್ಲ" ಎಂದು ಮದುವೆ ಮನೆಯಲ್ಲಿ ಸೀರೆ ಆರಿಸುವ ಹಾಗೆ ಆರಿಸಿಕೊಂಡರು. ತೆರಿಗೆಯ ಭಾಗ ಯಾರಿಗೂ ಬೇಡ. ತುರ್ತು ಪರಿಸ್ಥಿತಿಯಂತೂ ಯಾರೂ ಮುಟ್ಟಲಿಲ್ಲ. ಅದು ಸೊಸೆಯ ಪಾಲಿಗೆ ಬಂತು. ಏಳನೆಯ ಅನುಸೂಚಿ ಎಂಬುದೊಂದಿದೆ. ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಇಬ್ಬರದ್ದೂ ಎಂದು ಮೂರು ಪಟ್ಟಿ ಮಾಡಿಟ್ಟಿರುವ ಜಾಗ. ಜಗಳದ ಬುಡವೇ ಅದು. ಪೋಸ್ಟಾಫೀಸ್ ಅಕ್ಕ ಕೇಂದ್ರ ಪಟ್ಟಿ ತನಗೆ ಬೇಕೆಂದರು. ಮೂಲೆ ಮನೆ ಅಕ್ಕ ರಾಜ್ಯ ಪಟ್ಟಿ ತನ್ನದೆಂದರು.

"ಉಲ್ಟಾ," ಎಂದರು ಅತ್ತೆ. "ಅವಳದ್ದು ಇವಳು ಓದ್ಲಿ, ಇವಳದ್ದು ಅವಳು ಓದ್ಲಿ. ಇಬ್ಬರದ್ದೂ ಅನ್ನೋ ಪಟ್ಟೀನ ಇಬ್ರೂ ಒಟ್ಟಿಗೆ ಓದ್ಬೇಕು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಲೆಯಾಡಿಸಿದರು.

ಸೋಮವಾರ ಸಂಜೆ ನಾಲ್ಕಕ್ಕೆ ಶುರು. ಎಂಟರ ತನಕ ಓದು ನಿಲ್ಲಬಾರದು, ಒಬ್ಬರ ದನಿ ನಿಲ್ಲುವ ಮೊದಲು ಇನ್ನೊಬ್ಬರ ದನಿ ಹಿಡಿಯಬೇಕು. ಇದು ಅತ್ತೆಯ ಕಟ್ಟಳೆ. ಪೀಠಿಕೆಯನ್ನು ಎಲ್ಲರೂ ಸೇರಿ ಓದಿದೆವು. ಭಜನೆಯ ಅಭ್ಯಾಸದಿಂದ ಅದಕ್ಕೆ ತಾನಾಗಿಯೇ ಒಂದು ರಾಗ ಬಂದುಬಿಟ್ಟಿತು. ನಾನು ಅಭ್ಯಾಸಬಲದಿಂದ ತಾಳವನ್ನೂ ಹಾಕಿದೆ. ಯಾರೂ ಬೇಡವೆನ್ನಲಿಲ್ಲ. ಮೊದಲನೆಯ ಅನುಚ್ಛೇದವನ್ನು ಅತ್ತೆಯೇ ಓದಿದರು. ದೇಶ ಅಂದರೆ ರಾಜ್ಯಗಳ ಒಕ್ಕೂಟ ಎಂಬಲ್ಲಿಗೆ ಬಂದಾಗ ಮೂಲೆ ಮನೆ ಅಕ್ಕ "ರಾಜ್ಯಗಳ" ಎಂದು ಪಿಸುಗುಟ್ಟಿದರು, ಪೋಸ್ಟಾಫೀಸ್ ಅಕ್ಕ "ಒಕ್ಕೂಟ" ಎಂದು ಪಿಸುಗುಟ್ಟಿದರು.

ಕಾನೂನಿನ ಕನ್ನಡ ನಮ್ಮನ್ನು ಮೊದಲ ದಿನ ಹೆದರಿಸಿತು. ಒಂದೊಂದು ವಾಕ್ಯ ಒಂದೊಂದು ಪುಟ. ಉಸಿರು ತೆಗೆದುಕೊಳ್ಳಲು ಜಾಗವಿಲ್ಲ. ಎರಡನೆಯ ದಿನಕ್ಕೆ ಅದು ನಾಲಿಗೆಗೆ ಅಂಟಿತು. ಪ್ರತಿ ನಿಯಮವೂ 'ತಕ್ಕದ್ದು' ಎಂದು ಮುಗಿಯುತ್ತದೆ, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ 'ಪರಂತು' ಎಂದು ಇನ್ನೊಂದು ಷರತ್ತು ಎದ್ದು ಬರುತ್ತದೆ. ನಮ್ಮ ಬೀದಿಯೇ ಹಾಗೆ ಮಾತಾಡತೊಡಗಿತು. "ಲೋಟ ತೊಳೆದಿಡತಕ್ಕದ್ದು" ಎಂದು ನಾನು ಯಜಮಾನರಿಗೆ ಹೇಳಿದೆ. "ಪರಂತು ಮ್ಯಾಚ್ ಮುಗಿದ ಮೇಲೆ" ಎಂದರು ಅವರು. ಕಲಾಸಿಪಾಳ್ಯದಲ್ಲಿ ತರಕಾರಿ ಕೊಳ್ಳುವಾಗ ಪೋಸ್ಟಾಫೀಸ್ ಅಕ್ಕ "ಕೊತ್ತಂಬರಿ ಕೊಸರು ಕೊಡತಕ್ಕದ್ದು" ಎಂದರಂತೆ. ತರಕಾರಿಯವನು ಬೆಪ್ಪಾಗಿ ಎರಡು ಕಟ್ಟು ಹಾಕಿದನಂತೆ.

ಮೂರನೆಯ ದಿನ ರಾಜ್ಯಪಾಲರು ಬಂದರು. ಪುಸ್ತಕದಲ್ಲಿ. ಎಲ್ಲರೂ ಕೂತಲ್ಲಿಂದಲೇ ಮುಂದಕ್ಕೆ ಸರಿದರು. ಮಸೂದೆ ರಾಜ್ಯಪಾಲರ ಮುಂದೆ ಬಂದಾಗ ಏನೇನು ಮಾಡಬಹುದು ಎಂಬ ಇನ್ನೂರನೆಯ ಅನುಚ್ಛೇದವನ್ನು ನಾನು ಓದುತ್ತಿದ್ದೆ. ವಾಪಸು ಕಳಿಸುವುದಾದರೆ ಆದಷ್ಟು ಬೇಗ ಕಳಿಸಬಹುದು ಎಂಬ ಅರ್ಥದ ಮಾತು ಬಂತು.

"ಕೇಳಿಸ್ತಾ? ಬೇಗ!" ಎಂದರು ಮೂಲೆ ಮನೆ ಅಕ್ಕ.

"ಆದಷ್ಟು!" ಎಂದರು ಪೋಸ್ಟಾಫೀಸ್ ಅಕ್ಕ.

"ಎಷ್ಟು ದಿನ ಅಂತ ಬರೆದಿದೆಯೇನಮ್ಮ?" ಎಂದು ಅತ್ತೆ ನನ್ನನ್ನು ಕೇಳಿದರು. ಬೆರಳಿಟ್ಟು ಹುಡುಕಿದೆ. ದಿನದ ಲೆಕ್ಕ ಇರಲಿಲ್ಲ. ಇಷ್ಟು ದೊಡ್ಡ ಪುಸ್ತಕ ಬರೆದವರು ಅಲ್ಲೊಂದು ಜಾಗವನ್ನು ಮನುಷ್ಯರ ಮರ್ಯಾದೆಗೆ ಬಿಟ್ಟಿದ್ದಾರೆ ಅನ್ನಿಸಿತು. ನಾನು ಹಾಗೆ ಯೋಚಿಸುತ್ತ ಅರೆಕ್ಷಣ ತಡೆದೆ. "ಓದು, ಓದು, ದನಿ ನಿಂತೋಗ್ತಿದೆ!" ಎಂದು ಇಡೀ ಹಜಾರ ಕೂಗಿತು. ಗಾಬರಿಯಲ್ಲಿ ಎರಡು ಸಾಲು ತಿರುಗಿ ಓದಿದೆ.

ಆರನೆಯ ದಿನ ಶನಿವಾರ. ಅಷ್ಟು ಹೊತ್ತಿಗೆ ನಮಗೆ ಒಂಥರಾ ಅಮಲು. ಗಂಟಲು ಕಟ್ಟಿತ್ತು, ಶುಂಠಿ ಕಷಾಯದ ಪಾತ್ರೆ ಒಲೆಯಿಂದ ಇಳಿದಿರಲಿಲ್ಲ, ಆದರೂ ನಾಲ್ಕು ಗಂಟೆ ಯಾವಾಗ ಆಗುತ್ತದೋ ಎಂದು ಎಲ್ಲರೂ ಮೂರೂವರೆಗೇ ಬಂದು ಕೂರುತ್ತಿದ್ದರು. ಅಂದು ಕೆಲವು ರಾಜ್ಯಗಳಿಗೆ ಮಾಡಿರುವ ವಿಶೇಷ ಏರ್ಪಾಡುಗಳ ಭಾಗ. ನಾಗಾಲ್ಯಾಂಡಿಗೆ ಒಂದು, ಅಸ್ಸಾಮಿಗೆ ಒಂದು, ಮಣಿಪುರಕ್ಕೆ ಒಂದು, ಸಿಕ್ಕಿಮಿಗೆ ಒಂದು ಎಂದು ಸಾಲಾಗಿ ಬರುತ್ತಿದ್ದವು. ದೇಶ ಒಂದಾಗಿರಬೇಕಾದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಬೇಕು ಎಂದು ಯಾಕೋ ನಾನು ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಒಬ್ಬೊಬ್ಬರ ಮೈ ನೋಡಿ ಹೊಲಿದಿದ್ದಾರೆ.

ಆಗ ನಮ್ಮ ಬೀದಿಗೆ ಜೋಳದ ರೊಟ್ಟಿ ತಂದುಕೊಡುವ ಹೆಂಗಸು ಬಾಗಿಲಿಗೆ ಬಂದರು. ಕಲಬುರಗಿ ಕಡೆಯವರು, ಗಂಡನ ಗಾರೆ ಕೆಲಸದ ಹಿಂದೆ ಈ ಊರಿಗೆ ಬಂದು, ರೊಟ್ಟಿ ತಟ್ಟಿ ಸಂಸಾರ ನಡೆಸುವವರು. ಚೀಲ ಹಿಡಿದುಕೊಂಡೇ ಹೊಸ್ತಿಲ ಬಳಿ ನಿಂತು ಕೇಳುತ್ತಿದ್ದರು. ಓದು 371ಜೆ ಎಂಬಲ್ಲಿಗೆ ಬಂತು. ಹೈದರಾಬಾದ್-ಕರ್ನಾಟಕ ಎಂದು ಕಿವಿಗೆ ಬಿದ್ದದ್ದೇ ಅವರು ಚೀಲ ಕೆಳಗಿಟ್ಟರು.

"ಅದು ನಮ್ಮ ಕಡಿ ಬಗ್ಗೆ ಬರದಾರೇನ್ರೀ?"

"ಹೌದು, ನಿಮ್ಮ ಕಡೇದೇ," ಎಂದೆ. "ನಿಮ್ಮ ಪ್ರದೇಶದ ಅಭಿವೃದ್ಧಿಗೆ ಬೇರೆ ಮಂಡಳಿ, ಅಲ್ಲಿನ ಮಕ್ಕಳಿಗೆ ಓದೋಕೆ, ಕೆಲಸಕ್ಕೆ ಸೀಟು, ಎಲ್ಲಾ ಇದೆ."

"ನಮ್ಮ ಹುಡುಗಿ ಸೀಟು ಹಂಗೇ ಸಿಕ್ತರೀ. ಅಲ್ಲೇ ನರ್ಸಿಂಗ್ ಓದಲಿಕತ್ತಾಳ, ನಮ್ಮವ್ವನ ಮನ್ಯಾಗ ಇದ್ದು. ಸರ್ಟಿಫಿಕೇಟ್ ಮಾಡ್ಸು ಅಂದ್ರು, ಮಾಡ್ಸಿದೆ. ಅದು ಇಷ್ಟು ದೊಡ್ಡ ಪುಸ್ತಕದಾಗ ಅದ ಅಂತ ಗೊತ್ತಿರಲಿಲ್ಲರೀ."

ಅತ್ತೆ ಕೈ ಸನ್ನೆ ಮಾಡಿ ಪಕ್ಕದಲ್ಲಿ ಜಾಗ ಬಿಟ್ಟರು. "ಬಾರಮ್ಮ, ನಿಂದು ನೀನೇ ಓದು." ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕೂತರು. ಒಂದೊಂದು ಪದದ ಕೆಳಗೂ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಬಹಳ ನಿಧಾನ. ಆ ನಾಲ್ಕು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ, ಯಾರೂ ಗಡಿಯಾರ ನೋಡಲಿಲ್ಲ. ಮುಗಿದಾಗ ಮೂಲೆ ಮನೆ ಅಕ್ಕ ಮೂಗು ಒರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅವರ ಕೈಯ ರೊಟ್ಟಿ ತಿಂದ ನನಗೆ ಅವರಿಗೊಬ್ಬಳು ಮಗಳಿದ್ದಾಳೆಂದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವತ್ತಿನ ಪ್ರಸಾದ ರೊಟ್ಟಿ, ಶೇಂಗಾ ಚಟ್ನಿ.

ಕೊನೆಯ ದಿನ ಭಾನುವಾರ. ಅನುಸೂಚಿಗಳ ಸರದಿ. ಸುದ್ದಿ ಹರಡಿ ಪಕ್ಕದ ಬೀದಿಯವರೂ ಬಂದಿದ್ದರು, ಜಗುಲಿಯ ತನಕ ಚಪ್ಪಲಿಗಳು. ಮೂಲೆ ಮನೆ ಅಕ್ಕ ಕೇಂದ್ರ ಪಟ್ಟಿ ಹಿಡಿದು ಕೂತರು. ಸೈನ್ಯ, ಅಣುಶಕ್ತಿ, ರೈಲು, ದೀಪಸ್ತಂಭ ಎಂದು ದನಿ ಏರುತ್ತಲೇ ಹೋಯಿತು. "ಅಂಚೆ ಮತ್ತು ತಂತಿ" ಎಂಬಲ್ಲಿ ಕನ್ನಡಕದ ಮೇಲಿಂದ ಪೋಸ್ಟಾಫೀಸ್ ಅಕ್ಕನನ್ನು ಒಮ್ಮೆ ನೋಡಿ, ಆ ಮಾತನ್ನು ಮಾತ್ರ ಎರಡು ಸಲ ಓದಿದರು. ಪೋಸ್ಟಾಫೀಸ್ ಅಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡರು.

ಆಮೇಲೆ ಅವರ ಸರದಿ, ರಾಜ್ಯ ಪಟ್ಟಿ. ಪೊಲೀಸು, ಆಸ್ಪತ್ರೆ, ಸ್ಮಶಾನ, ಬೇಸಾಯ. ನೀರು ಎಂಬ ಮಾತು ಬಂತು, ಅದಕ್ಕೆ ಅಂಟಿಕೊಂಡು ಕೇಂದ್ರ ಪಟ್ಟಿಯ ಒಂದು ಷರತ್ತೂ ಬಂತು.

"ಅಂದ್ರೆ ನೀರು ನಮ್ದು, ಹೊಳೆ ಅವ್ರದಾ?" ಎಂದು ಮೂಲೆ ಮನೆ ಅಕ್ಕ ಕೇಳಿದರು. ಮಂಡ್ಯದವರು, ಕೇಳದೆ ಇರುತ್ತಾರೆಯೇ.

"ಹೊಳೆ ಎರಡು ರಾಜ್ಯದಲ್ಲಿ ಹರಿದ್ರೆ ಹಾಗೆ," ಎಂದು ಪೋಸ್ಟಾಫೀಸ್ ಅಕ್ಕ ಮೆಲ್ಲಗೆ ಹೇಳಿ ಓದು ಮುಂದುವರಿಸಿದರು. ಸಂತೆ, ನಾಟಕ, ಸಿನಿಮಾ ಆದ ಮೇಲೆ ಪಂದ್ಯ ಕಟ್ಟುವುದು ಮತ್ತು ಜೂಜು ಎಂದು ಬಂತು. ಭಾನುವಾರದ ಇಸ್ಪೀಟು ತಪ್ಪಿಸಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಯಜಮಾನರ ಕಡೆ ಅತ್ತೆ ತಿರುಗಿದರು. "ನಿನ್ನ ವಿಷಯ ರಾಜ್ಯ ಸರ್ಕಾರದ ಕೈಲಿದೆಯಂತೆ ಕಣೋ." ಹಜಾರ ಗೊಳ್ಳೆಂದಿತು. ಅಲ್ಲಿಂದ ನಗು ಇಳಿಯಲೇ ಇಲ್ಲ.

ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯನ್ನು ಇಬ್ಬರೂ ಒಟ್ಟಿಗೆ ಓದಬೇಕಿತ್ತು. ಒಂದೇ ಪುಸ್ತಕ, ಎರಡು ಕನ್ನಡಕ. ಒಬ್ಬರ ಓದು ಮೇಲ್ ಬಂಡಿ, ಇನ್ನೊಬ್ಬರದು ಪ್ಯಾಸೆಂಜರ್. "ನಿಲ್ರೀ, ನಾನಿನ್ನೂ ಮೂರರಲ್ಲಿದೀನಿ," "ನೀವೇ ಬೇಗ ಬನ್ನಿ" ಎಂದು ಜಗ್ಗಾಡುತ್ತ 'ಮದುವೆ ಮತ್ತು ವಿಚ್ಛೇದನ'ಕ್ಕೆ ಬಂದರು. ಅಲ್ಲಿ ಇಬ್ಬರ ದನಿಯೂ ಸರಿಯಾಗಿ ಕೂಡಿತು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಇನ್ನಷ್ಟು ಮುಂದೆ ಹೋದಾಗ 'ಹುಚ್ಚು' ಬಂತು, ಅದರ ಮಗ್ಗುಲಲ್ಲೇ 'ಪ್ರಾಣಿಗಳಿಗೆ ಹಿಂಸೆ' ಬಂತು. ಪೋಸ್ಟಾಫೀಸ್ ಅಕ್ಕ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಮೂಲೆ ಮನೆ ಅಕ್ಕನ ಭುಜ ಕುಲುಕತೊಡಗಿತು. ದನಿ ನಿಲ್ಲಬಾರದಲ್ಲ! ಇಬ್ಬರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದಂಥ ಕೀಚು ದನಿಯಲ್ಲಿ ಓದಿದರು. 'ಬಾಯ್ಲರುಗಳು' ಎಂಬಲ್ಲಿ ಪೂರ್ತಿ ಸೋತು ಒಬ್ಬರ ಮೇಲೊಬ್ಬರು ಬಿದ್ದರು. ಬಾಯ್ಲರಿನಲ್ಲಿ ನಗುವಂಥದ್ದೇನಿದೆ ಎಂದು ಇವತ್ತಿಗೂ ನನಗೆ ಹೇಳಲಾಗದು. ಪಟ್ಟಿಯ ಬಾಲವನ್ನು ಅತ್ತೆ ಒಬ್ಬರೇ, ಕಣ್ಣೀರು ಒರೆಸಿಕೊಳ್ಳುತ್ತ ಓದಿ ಮುಗಿಸಿದರು.

ಎಂಟನೆಯ ಅನುಸೂಚಿಯಲ್ಲಿ ಭಾಷೆಗಳು. ಅದನ್ನು ಓದಿದವರು ನಮ್ಮ ಮಹಡಿ ಮನೆಯ ಬಾಡಿಗೆದಾರರು, ಮಂಗಳೂರಿನವರು, ಸೌಮ್ಯ ಹೆಂಗಸು, ಮನೆಮಾತು ತುಳು. ಇಪ್ಪತ್ತೆರಡೂ ಓದಿ ಮುಗಿಸಿ ಪುಟ ತಿರುಗಿಸಿ ನೋಡಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು.

"ತುಳು ಇಲ್ಲ ಅಲ್ವಾ ಮಾರಾಯ್ರೆ ಇದ್ರಲ್ಲಿ?"

"ಸೇರಿಸ್ಕೊಂಡು ಓದ್ಬಿಡಿ," ಎಂದರು ಯಾರೋ.

"ಹಾಗೆಲ್ಲ ಸೇರ್ಸೋಕಾಗಲ್ಲ," ಎಂದು ಪೋಸ್ಟಾಫೀಸ್ ಅಕ್ಕ ತಕ್ಷಣ ಎದ್ದರು. "ತಿದ್ದುಪಡಿ ಆಗ್ಬೇಕು. ನಿನ್ನೆ ತಾನೆ ಓದಿದೀವಿ. ಹಾಜರಿರೋರಲ್ಲಿ ಮೂರರಲ್ಲಿ ಎರಡು ಭಾಗ ಕೈ ಎತ್ಬೇಕು."

"ಹಂಗಾರೆ ಎತ್ರೀ ಕೈಯ," ಎಂದು ಮೂಲೆ ಮನೆ ಅಕ್ಕ ಎರಡೂ ಕೈ ಎತ್ತಿದರು. ಒಬ್ಬರಿಗೆ ಒಂದೇ ಮತ ಎಂದು ಒಂದು ಕೈ ಇಳಿಸಬೇಕಾಯಿತು. ಹಜಾರದಲ್ಲಿ, ಜಗುಲಿಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಎಲ್ಲ ಕಡೆ ಕೈಗಳು. ಅತ್ತೆ ಪುಸ್ತಕಕ್ಕೆ ಪೆನ್ನು ಮುಟ್ಟಿಸಲು ಬಿಡಲಿಲ್ಲ. "ಬರೆಯೋರು ಡೆಲ್ಲೀಲಿ ಕೂತಿದಾರೆ, ಅವರು ಬರೀಲಿ. ನೀನು ಬಾಯಲ್ಲಿ ಹೇಳಮ್ಮ." ಮಹಡಿ ಮನೆಯವರು ಎದ್ದು ನಿಂತು "ತುಳು" ಎಂದರು. ಚಪ್ಪಾಳೆ. ಅವರ ಮುಖ ಕೆಂಪಾಗಿತ್ತು.

ಕೊನೆಯದು ಹನ್ನೆರಡನೆಯ ಅನುಸೂಚಿ, ನಗರಸಭೆಗಳ ಕೆಲಸದ ಪಟ್ಟಿ. ಬೀದಿ ದೀಪ, ಬಸ್ ನಿಲ್ದಾಣ ಎಂದು ನಾನು ಓದಿದಾಗ ಎಲ್ಲರೂ ಒಂದೇ ದನಿಯಲ್ಲಿ "ಹೂಂ, ಗೊತ್ತು" ಎಂದರು. ಮಂಗಳಾರತಿ ತಟ್ಟೆ ಸಿದ್ಧವಾಗಿತ್ತು. ಕಟ್ಟಕಡೆಯ ಸಾಲಿಗೆ ಬಂದು ನಾನು ತಡವರಿಸಿದೆ. ಕಸಾಯಿಖಾನೆ ಮತ್ತು ಚರ್ಮ ಹದ ಮಾಡುವ ಜಾಗಗಳ ನಿಯಂತ್ರಣ. ಇಷ್ಟು ದೊಡ್ಡ ಗ್ರಂಥ ಮುಗಿಯುವುದು ಅಲ್ಲಿ.

"ಅದೊಂದು ಬಿಟ್ಟು ದೀಪದಲ್ಲೇ ಮುಗಿಸಿಬಿಡೋಣ ದೊಡ್ಡಮ್ಮ, ಮಂಗಳ ಅಲ್ವಾ," ಎಂದು ಪಕ್ಕದ ಬೀದಿಯವರೊಬ್ಬರು ಹಿಂಜರಿಯುತ್ತ ಸೂಚಿಸಿದರು.

"ಒಂದಕ್ಷರ ಬಿಡಲ್ಲ ಅಂದಿದ್ದೆ," ಎಂದರು ಅತ್ತೆ. "ಆ ಕೆಲಸ ಮಾಡೋರೂ ಈ ಊರಿನವರೇ ತಾನೆ? ಜೋರಾಗಿ ಓದು." ಜೋರಾಗಿಯೇ ಓದಿದೆ. ತಾಳ ಹಾಕಿದರು, ಗಂಟೆ ಬಾರಿಸಿದರು, ಕೋಸಂಬರಿ ಪಾನಕ ಹಂಚಿದರು. ಯಾರ ಗಂಟಲಲ್ಲೂ ದನಿ ಉಳಿದಿರಲಿಲ್ಲ.

ಇಬ್ಬರು ಅಕ್ಕಂದಿರ ಜಗಳ ನಿಂತಿದೆ ಎಂದು ಯಾರೂ ತಿಳಿಯಬಾರದು. ಮೊದಲಿಗಿಂತ ಜೋರಾಗಿದೆ. ಈಗ ಇಬ್ಬರೂ ಅಕ್ಕಪಕ್ಕ ಕೂತು, ಒಂದೇ ಪುಸ್ತಕ ತೆರೆದುಕೊಂಡು, ಅನುಚ್ಛೇದದ ಸಂಖ್ಯೆ ಹಿಡಿದು ಜಗಳವಾಡುತ್ತಾರೆ.

ಮಲ್ಲೇಶ್ವರಂನಲ್ಲಿರುವ ನನ್ನ ತಂಗಿಗೆ ಈ ಸುದ್ದಿ ಮುಟ್ಟಿತು. ಅವಳು "ನಮ್ಮ ಕ್ರಾಸಲ್ಲೂ ಮಾಡ್ತೀವಿ, ಬಂದು ಶುರು ಮಾಡಿಕೊಡಿ" ಎಂದು ಕರೆದಳು. ಒಂದು ಶನಿವಾರ ಮಧ್ಯಾಹ್ನ ನಾವು ಎಂಟು ಜನ ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆವು. ಅತ್ತೆಗೆ ಸೀಟು ಸಿಕ್ಕಿತು. ಬಾಗಿಲು ಮುಚ್ಚಿದ್ದೇ ತಡ ಪೋಸ್ಟಾಫೀಸ್ ಅಕ್ಕ ಹೇಳಿದರು:

"ರೈಲು ಯಾವತ್ತಿದ್ರೂ ಕೇಂದ್ರದ್ದು. ಒಂದನೇ ಪಟ್ಟಿ."

"ಊರೊಳಗೆ ಓಡೋದು ಹೆಂಗ್ರೀ ಕೇಂದ್ರದ್ದು? ಮನೆ, ಜಾಗ ಬಿಟ್ಕೊಟ್ಟವರು ನಾವು," ಎಂದರು ಮೂಲೆ ಮನೆ ಅಕ್ಕ.

ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗಿ ಅದನ್ನು ತೆಗೆದು, "ಆಂಟಿ, ಫಿಫ್ಟಿ ಫಿಫ್ಟಿ. ಇಬ್ರೂ ಸೇರಿ ಮಾಡಿರೋ ಕಂಪನಿ" ಎಂದಳು.

"ಹಾಗಿದ್ರೆ ಓಡ್ಸೋರು ಯಾರು?" ಎಂದು ಇಬ್ಬರೂ ಒಟ್ಟಿಗೆ ಅವಳ ಮೇಲೆ ಬಿದ್ದರು. ಪಾಪ, ಅವಳು ಫೋನಿನಲ್ಲಿ ಹುಡುಕತೊಡಗಿದಳು. ನಾವೆಲ್ಲ ಅವಳ ಫೋನಿನ ಮೇಲೆ ಬಗ್ಗಿದೆವು. ಯಾರೋ ಹಿಂದಿ ಮಾತಾಡುವ ಯುವಕ ಏನು ವಿಷಯ ಎಂದು ಕೇಳಿದ, ಅವನಿಗೂ ವಿವರಿಸಿದ್ದಾಯಿತು. ಅವನು ಮೂಲೆ ಮನೆ ಅಕ್ಕನ ಪಕ್ಷ ವಹಿಸಿದ. ತಲೆ ಎತ್ತಿ ನೋಡಿದರೆ ನಾವು ಇಳಿಯಬೇಕಿದ್ದ ಸಂಪಿಗೆ ರಸ್ತೆ ದಾಟಿಹೋಗಿ ರೈಲು ಶ್ರೀರಾಂಪುರದಲ್ಲಿ ನಿಂತಿದೆ. "ಇಳೀರಿ, ಇಳೀರಿ!" ಎಂದು ಅತ್ತೆ ಎಲ್ಲರಿಗಿಂತ ಮೊದಲು ಹಾರಿಕೊಂಡರು. ಸೀರೆ ಎತ್ತಿ ಹಿಡಿದು, ಪುಸ್ತಕದ ಚೀಲ ತಬ್ಬಿಕೊಂಡು, ಬಿದ್ದು ಬಿದ್ದು ನಗುತ್ತ, ಎಂಟೂ ಜನ ವಾಪಸು ಹೋಗುವ ರೈಲು ಹಿಡಿಯಲು ಆಚೆ ಕಡೆಯ ಪ್ಲಾಟ್‌ಫಾರ್ಮಿಗೆ ಓಡಿದೆವು.